ಕಣ್ಣಿನ ವೈದ್ಯರು ಲಸಿಕೆಯ ಮಾತನ್ನೂ ಆಡಲಿ

ಸರ್ಪಸುತ್ತು ತಡೆಯುವ ಎರಡು ಡೋಸ್‌ಗಳ ಲಸಿಕೆ 50 ವರ್ಷ ದಾಟಿದವರಿಗಾಗಿ 2023ರಿಂದ ದೇಶದಲ್ಲಿ ಲಭ್ಯವಿದೆ. ಅದು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ, ಬೆಲೆಯೂ ದುಬಾರಿ. ಹೀಗಾಗಿ ವೈದ್ಯರು ತಾವಾಗಿ ಹೇಳದಿದ್ದರೆ ಅದರ ಮಾಹಿತಿ ಜನರನ್ನು ಮುಟ್ಟುವುದು ಕಷ್ಟ. ಬಾಲ್ಯದಲ್ಲಿ ಬಂದುಹೋದ ಚಿಕನ್‌ಪಾಕ್ಸ್‌ನ ವೈರಾಣು ನರಗಳಲ್ಲಿ ಅಡಗಿದ್ದು, ವಯಸ್ಸಾದಂತೆ ಮತ್ತೆ ಎದ್ದು ಬರುವುದೇ ಸರ್ಪಸುತ್ತು. ನೂರರಲ್ಲಿ ಹತ್ತರಿಂದ ಇಪ್ಪತ್ತು ರೋಗಿಗಳಲ್ಲಿ ಅದು ಹಣೆ ಮತ್ತು ಕಣ್ಣಿನ ನರವನ್ನೇ ಹಿಡಿಯುತ್ತದೆ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧ ಆರಂಭಿಸುವುದು ಉತ್ತಮ. ಕೆಮ್ಮಣ್ಣು ಬಳಿದು, ಮಂತ್ರ ಹಾಕಿಸಿ ದಿನ ಕಳೆದರೆ ಕಣ್ಣಿನ ಕರಿಗುಡ್ಡೆಯ ಪಾರದರ್ಶಕ ಪೊರೆಯಲ್ಲಿ ಕಲೆ ಉಳಿದು ದೃಷ್ಟಿ ಶಾಶ್ವತವಾಗಿ ಮಂಕಾಗಬಹುದು.

ಕೋಟನೂರ, ಕಮಲಾಪುರದ ಹಿರಿಯರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ, ಕನ್ನಡಕಕ್ಕೆ ಕಲಬುರಗಿಯ ನೇತ್ರ ವೈದ್ಯರ ಮುಂದೆ ಕೂರುವವರೇ. ಲಸಿಕೆಯ ಬಗ್ಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರಿಲ್ಲ. ಲಸಿಕೆ ಸಾಮಾನ್ಯ ವೈದ್ಯರ ಕೆಲಸ ಎಂದು ನೇತ್ರ ತಜ್ಞರು ಸುಮ್ಮನಿರುವುದು ಸರಿಯಲ್ಲ. ಕಣ್ಣು ಕಳೆದುಕೊಂಡವರು ಕೊನೆಗೆ ಬರುವುದು ಅವರ ಬಳಿಗೇ. ಐವತ್ತು ದಾಟಿದ ಪ್ರತಿ ರೋಗಿಗೂ ಅವರು ಈ ಲಸಿಕೆಯ ಮಾತು ಹೇಳಬೇಕು. ಮನೆಬಾಗಿಲಲ್ಲಿ ಕಣ್ಣು ಪರೀಕ್ಷಿಸುವ ‘ಆಶಾಕಿರಣ’ ಯೋಜನೆಯಲ್ಲೂ ಈ ತಿಳಿವಳಿಕೆ ಸೇರಬೇಕು. ಮಧುಮೇಹ ಇರುವ, ರೋಗನಿರೋಧಕ ಶಕ್ತಿ ಕುಂದಿರುವ ಬಡ ಹಿರಿಯರಿಗೆ ಜಿಲ್ಲಾಸ್ಪತ್ರೆಯಲ್ಲಿ ಉಚಿತವಾಗಿ ಲಸಿಕೆ ಕೊಡುವ ಹೊಣೆಯನ್ನು ರಾಜ್ಯ ಸರ್ಕಾರ ಹೊರಬೇಕು. ತಡೆಯಬಹುದಾದ ಕುರುಡನ್ನು ತಡೆಯದಿರುವುದಕ್ಕೆ ಬೆಲೆಯೊಂದೇ ನೆಪವಾಗಬಾರದು.