ಕಮಲಾ ದಾಸರನ್ನು ನೆಪ ಮಾಡಬೇಡಿ!

ಕನ್ನಡದ ಯುವ ಗೆಳೆಯರೇ,

ಮೊನ್ನೆ ನನ್ನ ಪ್ರೆಸ್ಸಿಗೆ ಒಬ್ಬ ಹುಡುಗ ಬಂದಿದ್ದ. ಮನೆಮಾತು ಕನ್ನಡ. ತನ್ನ ಇಂಗ್ಲಿಷ್ ಕವನಗಳ ಪುಸ್ತಕ ಅಚ್ಚು ಹಾಕಿಸಬೇಕಂತೆ. "ಕನ್ನಡದಲ್ಲೂ ನಾಲ್ಕು ಸಾಲು ಬರೀಬಾರದೇನಪ್ಪಾ?" ಎಂದೆ. "ಕನ್ನಡ ಓದೋಕೇ ಸರಿಯಾಗಿ ಬರಲ್ಲ ಸಾರ್. ಕಮಲಾ ದಾಸ್ ಮಲಯಾಳಿ, ಇಂಗ್ಲಿಷಲ್ಲಿ ಬರೆದೇ ದೊಡ್ಡ ಕವಿ ಆಗಲಿಲ್ವಾ?" ಎಂದ.

ನಾನು ಪಿಯುಸಿಗೇ ಓದು ನಿಲ್ಲಿಸಿದವನು. ಆದರೂ ಈ ಅರ್ಧಸತ್ಯ ಕೇಳಿ ಸುಮ್ಮನಿರಲಾಗಲಿಲ್ಲ. ಉಳಿದ ಅರ್ಧ ನೀವೂ ಕೇಳಿ.

ಕಮಲಾ ದಾಸ್ ಹುಟ್ಟಿದ್ದು 1934ರಲ್ಲಿ, ಕೇರಳದ ಪುನ್ನಯೂರ್ಕುಳದ ನಾಲಪ್ಪಾಟ್ ಮನೆತನದಲ್ಲಿ. ತಾಯಿ ಬಾಲಾಮಣಿಯಮ್ಮ ಮಲಯಾಳದ ದೊಡ್ಡ ಕವಯಿತ್ರಿ. ತಾಯಿಯ ಸೋದರಮಾವ ನಾರಾಯಣ ಮೆನನ್ ಅವರು ವಿಕ್ಟರ್ ಹ್ಯೂಗೋನ 'ಲೆ ಮಿಸರಾಬ್ಲ್' ಕಾದಂಬರಿಯನ್ನು ಮಲಯಾಳಕ್ಕೆ ತಂದವರು. ಕಮಲಾ ಬಾಲ್ಯದ ಒಂದು ಭಾಗ ಕಳೆದದ್ದು ಕಲ್ಕತ್ತೆಯಲ್ಲಿ. ಹದಿನೈದಕ್ಕೇ ಮದುವೆ. ಕಾಲೇಜಿನ ಪದವಿ ಇಲ್ಲ. 1965ರಲ್ಲಿ 'ಸಮ್ಮರ್ ಇನ್ ಕಲ್ಕಟ್ಟಾ' ಬಂತು. 1985ರಲ್ಲಿ ಇಂಗ್ಲಿಷ್ ಕವಿತೆಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಹುಡುಗನಿಗೆ ಗೊತ್ತಿದ್ದದ್ದು ಇಷ್ಟೇ!

ಅದೇ ಹೆಣ್ಣುಮಗಳು 'ಮಾಧವಿಕುಟ್ಟಿ' ಎಂಬ ಹೆಸರಿನಲ್ಲಿ ಮಲಯಾಳದಲ್ಲಿ ಕತೆಗಳ ಮೇಲೆ ಕತೆ ಬರೆದರು. 'ತಣುಪ್ಪು' ಸಂಕಲನಕ್ಕೆ ಕೇರಳ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದರು. ಆತ್ಮಕಥೆ 'ಎನ್ಟೆ ಕಥ' 1972ರಲ್ಲಿ 'ಮಲಯಾಳನಾಡು' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ದಾಂಪತ್ಯದ ಬಗ್ಗೆ, ಹೆಣ್ಣಿನ ಬಯಕೆಯ ಬಗ್ಗೆ ಮುಚ್ಚುಮರೆಯಿಲ್ಲದ ಬರಹ! ನಿಲ್ಲಿಸಿ ಎಂದು ಬಂಧುಗಳು ಒತ್ತಡ ತಂದರು. ನಿಲ್ಲಲಿಲ್ಲ. 1973ರಲ್ಲಿ ಪುಸ್ತಕವೂ ಆಯಿತು. ಇಂಗ್ಲಿಷಿನ 'ಮೈ ಸ್ಟೋರಿ' ಅಚ್ಚಾದದ್ದು ಆಮೇಲೆ. 1999ರಲ್ಲಿ ಇಸ್ಲಾಂ ಸ್ವೀಕರಿಸಿ ಕಮಲಾ ಸುರಯ್ಯಾ ಆದರು. ಧರ್ಮ ಬದಲಾಯಿತು, ಹೆಸರು ಬದಲಾಯಿತು, ಮಲಯಾಳವನ್ನು ಮಾತ್ರ ಬಿಡಲಿಲ್ಲ! 2002ರಲ್ಲಿ ಕೇರಳ ಸರ್ಕಾರ ಎಳುತ್ತಚ್ಛನ್ ಪುರಸ್ಕಾರ ಕೊಟ್ಟಿತು. 2009ರಲ್ಲಿ ಪುಣೆಯಲ್ಲಿ ತೀರಿಕೊಂಡರು.

ಈಗ ಹೇಳಿ, ತಾಯಿನುಡಿ ಬಿಟ್ಟವರ ಕತೆಯೇ ಇದು?

ಇಂಗ್ಲಿಷಿನಲ್ಲಿ ಬರೆದವರೆಲ್ಲ ದ್ರೋಹಿಗಳು ಎಂದು ಕೂಗುವ ನಮ್ಮ ಗೆಳೆಯರಿಗೂ ಒಂದು ಮಾತು. ಇಂಥ ಭಾಷೆಯಲ್ಲೇ ಬರೆ ಎಂದು ಅಪ್ಪಣೆ ಮಾಡಿದವರಿಗೆ ಆಕೆ ಕವಿತೆಯಲ್ಲೇ ಉತ್ತರ ಕೊಟ್ಟಿದ್ದಾರೆ. ಆಕೆ ಹೇಳಿದ್ದು ಸರಿ. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಅವರನ್ನೇ ನೋಡಿ. ಮನೆಮಾತು ತಮಿಳು, ಕೆಲಸ ಷಿಕಾಗೋದಲ್ಲಿ, ಹೆಸರು ತಂದದ್ದು ಇಂಗ್ಲಿಷ್. ಆದರೂ 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಎಂಬ ಕನ್ನಡ ಸಂಕಲನ ಕೊಟ್ಟರು. ಎರಡು ಭಾಷೆ ಬಲ್ಲವನು ಸಿರಿವಂತ. ಇದ್ದ ಒಂದನ್ನು ಮಾರಿ ಇನ್ನೊಂದು ಕೊಂಡವನು ಸಿರಿವಂತ ಹೇಗಾದಾನು?

ಇನ್ನೊಂದು ಸತ್ಯ ಮುದ್ರಕನಾದ ನನಗೆ ಗೊತ್ತು. 'ಎನ್ಟೆ ಕಥ'ವನ್ನು ಬೈದ ಮಲಯಾಳಿಗಳೂ ಅದನ್ನು ಓದಿಯೇ ಬೈದರು! ನಮ್ಮಲ್ಲಿ ಐನೂರು ಪ್ರತಿ ಅಚ್ಚಾದ ಕನ್ನಡ ಪುಸ್ತಕ ಕಟ್ಟು ಬಿಚ್ಚದೆ ಗೆದ್ದಲು ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೊಂಡು ಓದುವವರಿಲ್ಲದೆ ಯಾವ ಭಾಷೆಯೂ ಬರೀ ಜೈಕಾರದಿಂದ ಬದುಕದು.

ಆ ಹುಡುಗನ ಪುಸ್ತಕ ಅಚ್ಚು ಹಾಕಿಕೊಡುತ್ತೇನೆ, ಅದು ನನ್ನ ಅನ್ನ. ಜೊತೆಗೆ ಹೇಳಿದ್ದೇನೆ: "ನಾಲ್ಕು ಪುಟ ಕನ್ನಡದಲ್ಲಿ ಬರೆದು ತಾ, ತಪ್ಪಿದ್ದರೂ ಪರವಾಗಿಲ್ಲ, ಆ ಕಾಗದದ ಖರ್ಚು ನನ್ನದು." ನಿಮಗೂ ಅದೇ ಮಾತು. ಬರೆಯಲು ಬಾರದಿದ್ದರೆ ಈ ತಿಂಗಳು ಒಂದು ಕನ್ನಡ ಪುಸ್ತಕ ಕೊಳ್ಳಿ. ಕಟ್ಟು ಬಿಚ್ಚಿ, ಓದಿ, ಬೇಕಾದರೆ ಬೈಯಿರಿ!

ಸಿರಿಗನ್ನಡಂ ಗೆಲ್ಗೆ!