ಮಳೆಗೆ ಮೊದಲೇ ಮದ್ದು

ಮಾರಾಟ ತೆರಿಗೆ ಭಾರವಾದರೆ ಹಿಂದೆ ನಾವು ಶಾಸಕರ ಬಾಗಿಲಿಗೆ ಹೋಗುತ್ತಿದ್ದೆವು. ಈಗ ಆ ಬಾಗಿಲೊಂದೇ ಸಾಲದು. ಏಕೆಂಬುದನ್ನು ಬೆಳೆಗಾರ ಬಂಧುಗಳು ಅರಿಯಬೇಕು.

ಸರಕು ಮತ್ತು ಸೇವಾ ತೆರಿಗೆಗಾಗಿ 2011ರಲ್ಲಿ ಕಾಂಗ್ರೆಸ್ ನೇತೃತ್ವದ ಸರಕಾರ ಮಸೂದೆ ತಂದಾಗ ಭಾಜಪ ಆಡಳಿತದ ಗುಜರಾತ್, ಮಧ್ಯಪ್ರದೇಶಗಳು ವಿರೋಧಿಸಿದವು. 2014ರಲ್ಲಿ ಭಾಜಪ ಸರಕಾರ ತಂದಾಗ ಕಾಂಗ್ರೆಸ್ ಅಡ್ಡ ನಿಂತಿತು. 2015ರ ಮೇ 6ರಂದು ಲೋಕಸಭೆ ಒಪ್ಪಿದ ಮಸೂದೆ ರಾಜ್ಯಸಭೆಯಲ್ಲಿ ತಡೆಯಿತು. ಅಲ್ಲಿ ಸರಕಾರಕ್ಕೆ ಬಹುಮತವಿರಲಿಲ್ಲ. ಶೇ. 1ರ ಹೆಚ್ಚುವರಿ ತೆರಿಗೆ ಕೈಬಿಟ್ಟು, ರಾಜ್ಯಗಳಿಗೆ 5 ವರ್ಷ ನಷ್ಟ ತುಂಬುವುದನ್ನು ಖಚಿತಪಡಿಸಿದ ಮೇಲೆಯೇ 2016ರ ಆಗಸ್ಟ್ 3ರಂದು ಅಂಗೀಕಾರವಾಯಿತು. ಅಂದರೆ, ಪಡೆದವರೆಲ್ಲ ಮತಕ್ಕೆ ಮೊದಲೇ ಪಡೆದರು.

ನಮ್ಮ ಪಾಲಿಗೇನು? ಹುರಿಯದ ಕಾಫಿ ಬೀಜಕ್ಕೆ ತೆರಿಗೆಯಿಲ್ಲ. ಒಣ ಅಡಿಕೆಗೆ ಶೇ. 5. ಕಟ್ಟುವವನು ಖರೀದಿದಾರನೇ ಆದರೂ ಅವನು ಕೂಗುವ ದರದಲ್ಲಿ ಅದರ ಲೆಕ್ಕವಿರುತ್ತದೆ. ಈ ದರಗಳನ್ನು ಶಿಫಾರಸು ಮಾಡುವುದು ಜಿ.ಎಸ್.ಟಿ. ಮಂಡಳಿ. ಅಲ್ಲಿ ಕೇಂದ್ರಕ್ಕೆ ಮೂರರಲ್ಲೊಂದು ಪಾಲು ಮತ, ಎಲ್ಲ ರಾಜ್ಯಗಳಿಗೂ ಸೇರಿ ಉಳಿದೆರಡು ಪಾಲು. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕೇಂದ್ರ ಒಪ್ಪದೆ ಏನೂ ಆಗದು, ಕರ್ನಾಟಕ ಒಂಟಿಯಾಗಿ ನಿಂತರೂ ಆಗದು.

ಆದ್ದರಿಂದ ಕೇರಳ, ಅಸ್ಸಾಮಿನ ಅಡಿಕೆ ಬೆಳೆಗಾರರೊಡನೆ ಕೂಡಿ, ಮಂಡಳಿಗೆ ಹೋಗುವ ನಮ್ಮ ಸಚಿವರ ಕೈಗೆ ಸಭೆಯ ಮುಂಚೆಯೇ ಲೆಕ್ಕಪತ್ರ ಸಹಿತ ಮನವಿ ಮುಟ್ಟಿಸಬೇಕು. ಇಲ್ಲೇ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಮನವಿ ಬರೆಯುವಾಗ ಅಲ್ಲಿನ ಬಲ್ಲವರನ್ನು ಕೇಳೋಣ.

ಕೊಳೆ ಬಂದ ಮೇಲೆ ಬೋರ್ಡೋ ಹೊಡೆದು ಫಲವಿಲ್ಲವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.