ಬೆಂದ ಗಡ್ಡೆ ಮತ್ತು ನಾಯಿಯ ಜೀರ್ಣಶಕ್ತಿ

ನಾಯಿ ತೋಳದ ವಂಶದ್ದಾದ್ದರಿಂದ ಮಾಂಸವೊಂದೇ ಅದರ ಸಹಜ ಆಹಾರ, ಗಡ್ಡೆಗೆಣಸು ಅದರ ಹೊಟ್ಟೆಗೆ ಸಲ್ಲದು ಎಂದು ವಾದಿಸುವವರಿದ್ದಾರೆ. ಮನೆಮಂದಿ ಉಣ್ಣುವುದೆಲ್ಲ ನಾಯಿಗೂ ಆಗುತ್ತದೆಂಬುದು ಇದಕ್ಕೆ ವಿರುದ್ಧವಾದ ನಂಬಿಕೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಮೊದಲ ವಾದದ ಬುಡವನ್ನೇ ಸಡಿಲಿಸಿತು. ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವ ಕಿಣ್ವವಾದ ಅಮೈಲೇಸನ್ನು ಮೇದೋಜೀರಕ ಗ್ರಂಥಿಯಲ್ಲಿ ಉಂಟುಮಾಡುವ ಜೀನಿನ 2 ಪ್ರತಿಗಳು ಮಾತ್ರ ತೋಳಗಳಲ್ಲಿದ್ದರೆ, ಅವರು ಪರೀಕ್ಷಿಸಿದ ನಾಯಿಗಳಲ್ಲಿ 4ರಿಂದ 30 ಪ್ರತಿಗಳಿದ್ದವು.

ಆದರೆ ಈ ಶಕ್ತಿ ಒಲೆಯ ನೆರವನ್ನು ಬೇಡುತ್ತದೆ. ಹಸಿ ಆಲೂಗಡ್ಡೆಯ ಪಿಷ್ಟದ ಕಣಗಳು ಎಷ್ಟು ಬಿಗಿಯಾಗಿರುತ್ತವೆಂದರೆ, ಕಿಣ್ವಕ್ಕೆ ಸುಲಭವಾಗಿ ಎಡೆಗೊಡದೆ ದೊಡ್ಡ ಕರುಳಿಗಿಳಿದು, ಅಲ್ಲಿ ಬ್ಯಾಕ್ಟೀರಿಯಾಗಳಿಂದ ಹುದುಗಿ, ಹೊಟ್ಟೆಯುಬ್ಬರಕ್ಕೂ ಭೇದಿಗೂ ಕಾರಣವಾಗಬಲ್ಲವು. ನೀರಿನಲ್ಲಿ ಬೆಂದಾಗ ಅವೇ ಕಣಗಳು ಉಬ್ಬಿ ಒಡೆದು ಸುಲಭವಾಗಿ ಅರಗುತ್ತವೆ.

ಬೇಯಿಸಿದ ಮಾತ್ರಕ್ಕೆ ಎಲ್ಲ ಗಡ್ಡೆಗಳ ದೋಷವೂ ಕಳೆಯುವುದಿಲ್ಲ. ಬಿಸಿಲು ತಾಗಿ ಸಿಪ್ಪೆ ಹಸಿರಾದ, ಮೊಳಕೆಯೊಡೆದ ಆಲೂಗಡ್ಡೆಯಲ್ಲಿ ಸೇರಿಕೊಳ್ಳುವ ಸೋಲನೈನ್ ಎಂಬ ವಿಷ ಕುದಿಯುವ ನೀರಿಗೂ ಜಗ್ಗದಾದ್ದರಿಂದ ಅಂಥ ಗಡ್ಡೆಯನ್ನು ನಾಯಿಗೆ ಹಾಕದಿರುವುದೇ ಲೇಸು. ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತವಿದೆ. ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ ನೆನೆಹಾಕಿ, ಬೇಯಿಸಿದ ನೀರನ್ನು ಚೆಲ್ಲುವ ಅಡುಗೆಮನೆಯ ಕ್ರಮಕ್ಕೆ ಇದೇ ಆಧಾರ. ಕೆಸುವಿನ ಗಡ್ಡೆ, ಸುವರ್ಣಗಡ್ಡೆಗಳಲ್ಲಿ ಸೂಜಿಮೊನೆಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ಸರಿಯಾಗಿ ಬೇಯದಿದ್ದರೆ ಬಾಯಿ ಗಂಟಲುಗಳಿಗೆ ಚುಚ್ಚುತ್ತವೆ. ತುರಿಕೆಯೆಂದು ಹೇಳಲಾರದ ಪ್ರಾಣಿ ಜೊಲ್ಲು ಸುರಿಸುತ್ತ ಪಂಜದಿಂದ ಮೂತಿ ಉಜ್ಜಿಕೊಳ್ಳಬೇಕಾಗುತ್ತದೆ. ಆದ್ದರಿಂದ ಇವೆರಡನ್ನು ಅದರ ತಟ್ಟೆಯಿಂದ ದೂರವಿಡುವುದೇ ನ್ಯಾಯ. ಸಿಪ್ಪೆ ಸುಲಿದು ಹಬೆಯಲ್ಲಿ ಬೇಯಿಸಿದ ಸಿಹಿಗೆಣಸೇ ಇವೆಲ್ಲಕ್ಕಿಂತ ನಿರಪಾಯಕರ.

ಪ್ರಮಾಣಕ್ಕೂ ಮಿತಿಯುಂಟು. ಸಮತೋಲಿತ ಮುಖ್ಯ ಆಹಾರದ ಹೊರತಾಗಿ ಕೊಡುವ ತಿನಿಸೆಲ್ಲ ಸೇರಿ ದಿನದ ಕ್ಯಾಲರಿಯ ಶೇಕಡಾ 10ನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಸಕ್ಕರೆ ಕಾಯಿಲೆಯಿರುವ ನಾಯಿಗೆ ಗೆಣಸು ಕೊಡುವ ಮುನ್ನ ಅವರನ್ನು ಕೇಳಲೇಬೇಕು.

ಮನೆಗಳಲ್ಲಿ ಹೆಚ್ಚಿನ ಅಪಾಯ ಬರುವುದು ಗಡ್ಡೆಗಿಂತ ಪಲ್ಯದಿಂದ. ಈರುಳ್ಳಿ, ಬೆಳ್ಳುಳ್ಳಿಗಳು ಬೆಂದ ಮೇಲೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುವ ಗುಣವನ್ನು ಉಳಿಸಿಕೊಂಡಿರುತ್ತವೆ. ಲಕ್ಷಣಗಳು ಕೆಲವು ದಿನ ತಡವಾಗಿ ಕಾಣುವುದರಿಂದ ತಿಂದದ್ದಕ್ಕೂ ಕಾಯಿಲೆಗೂ ಇರುವ ನಂಟು ಯಜಮಾನನಿಗೆ ಹೊಳೆಯದೆಯೇ ಹೋಗಬಹುದು. ಆದುದರಿಂದ ಆಲೂಗಡ್ಡೆ ಬೆಂದೊಡನೆ, ಉಪ್ಪು ಒಗ್ಗರಣೆಗಳು ಬೀಳುವ ಮೊದಲೇ, ನಾಯಿಯ ಪಾಲನ್ನು ಬೇರೆ ತೆಗೆದಿಡಬೇಕು.